ಪಂಪಣ್ಣ ಬಿದ್ದದ್ದು

ಸುರಪುರದ ಬಜಾರದಲ್ಲಿ ಹಗ್ಗ, ಮಿಣಿ, ಗೋಣಿಚೀಲ ಮಾರುವ ಪಂಪಣ್ಣನ ಅಂಗಡಿಗೆ ಹೋದವರಿಗೆ ಹಗ್ಗ ಸಿಗುವುದು ತುಸು ತಡವಾಗುತ್ತಿತ್ತು. ಮೊದಲು ಅವನು ಬುರುಜಿನ ಬಾವಿಯಲ್ಲಿ ಬಿದ್ದ ಕಥೆ ಕೇಳಬೇಕಿತ್ತು. ಹಾಗಂತ ಅವನೇ ಕೊಚ್ಚಿಕೊಳ್ಳುತ್ತಿದ್ದ ಎಂದು ತಿಳಿಯಬೇಡಿ. ಅವನು ಮೀಸೆಯ ತುದಿ ಹುರಿ ಮಾಡುತ್ತ, ಇದೆಲ್ಲ ಈಗ ಯಾಕೆ ಎನ್ನುವ ಮುಖ ಹೊತ್ತು ಕೂತಿರುತ್ತಿದ್ದ. ಹೇಳುವ ಕೆಲಸ ಎದುರಿನ ಚಹಾದಂಗಡಿಯ ಮಸ್ತಾನಸಾಬನದು.

"ಹಗ್ಗ ಒಯ್ಯಾಕ ಬಂದೀರೇನ್ರಿ? ಒಯ್ರಿ. ಆದರ ಯಾರ ಕೈಲಿಂದ ಒಯ್ಯಾಕತ್ತೀರಿ ಗೊತ್ತೈತೇನು? ಬುರುಜಿನ ಮ್ಯಾಲಿಂದ ಬಿದ್ದ ಮನಷ್ಯಾ ಅವ. ಕೈಯಾಗ ಸೀತಾಫಲ ಹಿಡಕೊಂಡು ಬಿದ್ದಾನ. ನೀರಾಗಿಂದ ಮ್ಯಾಲ ಬಂದಾಗ ಹಣ್ಣು ಹಂಗ ಕೈಯಾಗಿತ್ತು."

ಕೇಳಿದವರು ಕಣ್ಣರಳಿಸುತ್ತಿದ್ದರು. ಸುರಪುರದ ಗುಡ್ಡದ ಬುಡದಲ್ಲಿರುವ ಆ ಬಾವಿಗೆ ಮೂರು ಕಡೆ ಮೆಟ್ಟಿಲು, ನಾಲ್ಕನೆಯ ಕಡೆ ಹಳೆಯ ಕಾಲದ ಪಾಳುಬಿದ್ದ ಬುರುಜು. ಬುರುಜು ಎಂದರೆ ಎರಡಂತಸ್ತಿನ ಮನೆಯಷ್ಟು ಎತ್ತರ. ಬೇಸಿಗೆಯಲ್ಲಿ ಊರಿನ ಅರ್ಧ ಮಂದಿ ಆ ಬಾವಿಯಲ್ಲೇ ಇರುತ್ತಾರೆ, ಗಚ್ಚು ಉದುರುವ ಬುರುಜಿನ ಬುಡದ ನೀರಿಗೆ ಮಾತ್ರ ಯಾರೂ ಹೋಗುವುದಿಲ್ಲ. ಬುರುಜಿನ ಮೇಲಿಂದ ನೀರಿಗೆ ಬಂದವನಂತೂ ಪಂಪಣ್ಣ ಒಬ್ಬನೇ, ಅದೂ ಅವನಿಗೆ ಮೀಸೆ ಚಿಗುರುತ್ತಿದ್ದ ಕಾಲಕ್ಕೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಗೊಂದಲವಾದೀತು. ಈ ಸೀಮೆಯಲ್ಲಿ ಯಾರೂ ಈಜುವುದಿಲ್ಲ, ಈಸ ಬೀಳುತ್ತಾರೆ. ಅವಸರದ ಬಾಯಿಯಲ್ಲಿ 'ಈಸ' ಉದುರಿಹೋಗಿ 'ಬೀಳು' ಒಂದೇ ಉಳಿಯುತ್ತದೆ. "ಎಲ್ಲಿ ಹೋಗ್ಯಾನ ನಿನ್ನ ಗಂಡ?" ಎಂದರೆ "ಬಾವ್ಯಾಗ ಬಿದ್ದಾನ" ಎಂದು ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳುತ್ತಾಳೆ. ಕೇಳಿದವನು ಗಾಬರಿಯಾಗದೆ ಟವೆಲ್ ತರಲು ಮನೆಗೆ ಹೋಗುತ್ತಾನೆ.

ಪಂಪಣ್ಣನ ಇಡೀ ಬಾಳು ನಿಂತಿದ್ದು ಈ ಒಂದು ಮಾತಿನ ಮೇಲೆ. ಯಾಕೆಂದರೆ ಅವನು ಅವತ್ತು ಬಿದ್ದದ್ದು ನಿಘಂಟಿನಲ್ಲಿರುವ ಹಾಗೆ. ಬುರುಜಿನ ಸಂದಿಯಲ್ಲಿ ಬೆಳೆದ ಸೀತಾಫಲದ ಗಿಡಕ್ಕೆ ಕೈ ಚಾಚಿದ್ದ, ಕಾಲ ಕೆಳಗಿನ ಗಚ್ಚು ಕಳಚಿತು, ಕಳಚಿದ ಗಚ್ಚಿನ ಹಿಂದೆಯೇ ಅವನೂ ಹೋದ. ಮೆಟ್ಟಿಲ ಮೇಲೆ ಆಡು ತೊಳೆಯುತ್ತಿದ್ದ ಗೆಳೆಯ ಮಸ್ತಾನ ಸದ್ದು ಕೇಳಿ ತಿರುಗಿ ನೋಡಿ, "ಪಂಪ್ಯಾ ಬುರುಜಿನ ಮ್ಯಾಲಿಂದ ಬಿದ್ದಾನ" ಎಂದು ಬಾಯಿ ಬಡಿದುಕೊಳ್ಳುತ್ತ ಬಜಾರಕ್ಕೆ ಓಡಿದ. ಬಜಾರದವರು ಓಡಿ ಬಂದಾಗ ಹುಡುಗ ಮೆಟ್ಟಿಲ ಮೇಲೆ ಕೂತಿದ್ದ, ಕೈಯಲ್ಲಿ ಹಣ್ಣಿತ್ತು. "ಅಲ್ಲಿಂದ ಬಿದ್ದೇನೋ?" ಎಂದು ಯಾರೋ ಬೆರಗಿನಿಂದ ಕೇಳಿದರು. "ಹೂಂ," ಎಂದ. ಅಷ್ಟೇ. ಮಂದಿ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಹೊತ್ತದ್ದು ಒಳ್ಳೆಯದೇ ಆಯಿತು, ಅವನಿಗೆ ನಡೆಯಲು ಆಗುತ್ತಿರಲಿಲ್ಲ. ನೀರೊಳಗೆ ಚಾಚಿಕೊಂಡಿದ್ದ ಒಂದು ಕಲ್ಲು ತೊಡೆಯನ್ನು ಸೀಳಿತ್ತು, ಒದ್ದೆ ಧೋತರ ಅದನ್ನು ಮುಚ್ಚಿತ್ತು. ಆ ಗಾಯಕ್ಕೆ ಆಮೇಲೆ ಅವನು ಎತ್ತು ಕೋಡಿನಿಂದ ಹಾದದ್ದು ಎಂದು ಹೆಸರಿಟ್ಟ.

ಸುಳ್ಳು ಹೇಳಿದೆ ಎಂದು ಪಂಪಣ್ಣನಿಗೆ ಎಂದೂ ಅನಿಸಲಿಲ್ಲ. ಬಿದ್ದೆಯಾ ಎಂದು ಕೇಳಿದರು, ಬಿದ್ದಿದ್ದ, ಹೂಂ ಎಂದಿದ್ದ. ಎತ್ತಿನ ವಿಷಯ ಬೇರೆ, ಅದು ಎತ್ತಿಗೂ ಅವನಿಗೂ ಬಿಟ್ಟದ್ದು. ಆ ಒಂದು ಹೂಂನಿಂದ ಕೆಂಭಾವಿ ಕಡೆಯ ಒಳ್ಳೆಯ ಮನೆತನದ ಗುರುದೇವಿ ಹೆಂಡತಿಯಾಗಿ ಬಂದಳು; ಧೈರ್ಯವಂತ ಅಳಿಯ ಎಂದು ಮಾವ ಊರೂರು ಹೇಳಿಕೊಂಡು ತಿರುಗಿದ. ಯಾರ ಮನೆಯಲ್ಲಿ ಹಾವು ಬಂದರೂ ಪಂಪಣ್ಣನನ್ನು ಕರೆದರು. ಅವನು ಹೋಗಿ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದ. ಹಾವು ತನ್ನ ಪಾಡಿಗೆ ತಾನು ಹೋಗುತ್ತಿತ್ತು, ಹೆಸರು ಇವನಿಗೆ ಉಳಿಯುತ್ತಿತ್ತು. ಬಾವಿಯ ಕಡೆ ಮಾತ್ರ ಅವನು ಮತ್ತೆ ಕಾಲಿಡಲಿಲ್ಲ. ಅಷ್ಟು ಮೇಲಿಂದ ಬಿದ್ದವನಿಗೆ ಮೆಟ್ಟಿಲಿನ ಆಟ ಏನು ರುಚಿಸೀತು ಎಂದು ಊರೇ ಅದಕ್ಕೂ ಕಾರಣ ಕೊಟ್ಟುಕೊಂಡಿತು.

ಹೀಗೆ ಸುಖವಾಗಿದ್ದಾಗ ಊರಿಗೆ ಮಂಡ್ಯದ ಕಡೆಯಿಂದ ಶಾಂತಕುಮಾರ ಎಂಬ ಹೊಸ ತಹಶೀಲ್ದಾರ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಕನ್ನಡವನ್ನು ಅದರ ಅರ್ಥಕ್ಕೆ ಸರಿಯಾಗಿ ತಿಳಿದುಕೊಳ್ಳುವ ಚಟ ಇತ್ತು. ಬಂದ ವಾರವೇ ಒಂದು ಮಧ್ಯಾಹ್ನ ಕಚೇರಿ ಖಾಲಿ ಇದ್ದದ್ದು ಕಂಡು ಜವಾನನಿಗೆ ಫೋನ್ ಮಾಡಿದರು. ಅವನು ಅತ್ತಲಿಂದ, "ನಮ್ಮ ಮಂದಿ ಎಲ್ಲಾ ಬುರುಜಿನ ಬಾವ್ಯಾಗ ಬಿದ್ದಾರ್ರಿ ಸಾಹೇಬ್ರ. ನಾನೂ ಈಗ ಬೀಳಾಕ ಹೊಂಟೀನ್ರಿ," ಎಂದ.

ಸಾಹೇಬರು ಅಗ್ನಿಶಾಮಕ ಗಾಡಿ, ಆಂಬುಲೆನ್ಸ್, ಪೊಲೀಸರನ್ನು ಹಿಂದಿಟ್ಟುಕೊಂಡು ಬಾವಿಗೆ ಬಂದಾಗ ಅವರ ಗುಮಾಸ್ತ ಚಡ್ಡಿಯಲ್ಲಿ ನಿಂತು ಬೆನ್ನು ಒರೆಸಿಕೊಳ್ಳುತ್ತಿದ್ದ. "ಬರ್ರಿ ಸಾಹೇಬ್ರ, ನೀರು ಛಲೋ ತಣ್ಣಗ ಅದಾವ. ನೀವೂ ಬೀಳ್ರಿ," ಎಂದು ಕರೆದ. ಆ ಮಾತು ಶಹಾಪುರ ದಾಟಿ ಯಾದಗಿರಿಯವರೆಗೂ ಹೋಯಿತು. ಊರು ನಕ್ಕು ಸುಸ್ತಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಂಪಣ್ಣ.

ಅದಾದ ಸ್ವಲ್ಪ ದಿನಕ್ಕೆ ಕಕ್ಕೇರಾದಿಂದ ಬಂದ ಒಬ್ಬ ತರುಣ ಮೊಬೈಲ್ ಎತ್ತಿ ಹಿಡಿದು, ತನ್ನ ಚಿತ್ರ ತಾನೇ ತೆಗೆದುಕೊಳ್ಳುತ್ತ ಮೆಟ್ಟಿಲ ಕಟ್ಟೆಯಿಂದ ಹಾರಿ ಹೆಗಲ ಮೂಳೆ ಮುರಿದುಕೊಂಡ. ಮೂಳೆ ಮುರಿದರೂ ಮೊಬೈಲ್ ಉಳಿಯಿತು, ಅದರೊಳಗಿನ ವಿಡಿಯೋ ಊರೂರು ತಿರುಗಿತು. ಸಾಹೇಬರಿಗೆ ಮೇಲಿನಿಂದ ಬೈಗುಳ ಬಂದಿರಬೇಕು. ಮರುದಿನವೇ ಬಾವಿಯ ಸುತ್ತ ಮುಳ್ಳುತಂತಿ ಎಳೆದು ಫಲಕ ನಿಲ್ಲಿಸಿದರು. ಈ ಊರಿನ ಮಾತು ಈಗ ತನಗೂ ಬರುತ್ತದೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಸ್ವತಃ ಅವರೇ ಬರೆಸಿದ್ದು: 'ಈ ಬಾವಿಯಲ್ಲಿ ಬೀಳುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.'

ಅಂದು ಪಂಪಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಷ್ಟು ವರ್ಷ ಅವನ ಎದೆಯ ಮೂಲೆಯಲ್ಲಿ ಒಂದು ಅಂಜಿಕೆ ಇದ್ದೇ ಇತ್ತು, ಯಾರಾದರೂ ಒಮ್ಮೆ 'ಮತ್ತೊಮ್ಮೆ ಬೀಳು' ಎಂದುಬಿಟ್ಟರೆ ಗತಿ ಏನು ಎಂದು. ಈಗ ಸರಕಾರವೇ ಅಡ್ಡ ನಿಂತಿತ್ತು. ಇನ್ನು ಧೈರ್ಯಕ್ಕೆ ಏನು ಕಡಿಮೆ? ಸಂಜೆಯ ಹೊತ್ತಿಗೆ ಮಸ್ತಾನಸಾಬನ ಅಂಗಡಿಯ ಬೆಂಚಿನ ಮೇಲೆ ನಿಂತು ಅವನು ನಿಷೇಧದ ವಿರುದ್ಧ ಭಾಷಣ ಮಾಡುತ್ತಿದ್ದ. "ಈ ವಯಸ್ಸಿನಾಗೂ ನಾ ಬೀಳಾಕ ತಯಾರದೀನಿ. ಆದರ ಬಿಡವಲ್ರು," ಎಂದು ಕೈ ಹಿಸುಕಿಕೊಂಡ. ಮಂದಿಯ ಕಣ್ಣಲ್ಲಿ ನೀರು ಬಂತು.

ಕೂಗು ಜೋರಾದ ಮೇಲೆ ಸಾಹೇಬರು ಸಭೆ ಕರೆದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಕಷ್ಟ. "ನೋಡಿ, ಮೋಜು ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ. ಹಾರೋ ಮುಂಚೆ ಕೆಳಗೆ ಏನಿದೆ ಅಂತ ತಿಳ್ಕೊಳ್ಳಿ ಅಂತಿದೀನಿ. ನಿಮ್ಮಲ್ಲಿ ಯಾರಾದ್ರೂ ಆ ಬಾವಿ ತಳ ನೋಡಿದೀರಾ?"

ಪಂಪಣ್ಣನ ತೊಡೆ ಚುರುಕ್ಕೆಂದಿತು. ನೋಡಿದವನು ಅವನೊಬ್ಬನೇ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರುವಂತಿರಲಿಲ್ಲ. ಅವನು ಬಾಯಿ ತೆರೆದ, ಆದರೆ ಬಂದದ್ದು ಬೇರೆ.

"ಸಾಹೇಬ್ರ, ಅಂಜಿಕಿಗೆ ಕಾಯ್ದೆ ಮಾಡಬಹುದು. ಧೈರ್ಯಕ್ಕ ಯಾವ ಕಾಯ್ದೆ ಐತ್ರಿ? ಇವತ್ತ ಬಾವಿ ಬಂದ್ ಮಾಡ್ತೀರಿ. ನಾಳಿ ಮಿರ್ಚಿಭಜಿ ತಿಂದ್ರ ಹೊಟ್ಟಿ ಉರೀತೈತಿ ಅಂತ ಅದಕ್ಕೂ ಪರವಾನಗಿ ಕೇಳ್ತೀರಿ. ನಾ ಬಿದ್ದಾಗ ಯಾವ ಕಾಯ್ದೆ ಇತ್ತು? ಯಾವ ತಂತಿ ಇತ್ತು? ನಾ ಸತ್ನೇನು?"

ಚಪ್ಪಾಳೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಪಂಪಣ್ಣ ಕೂತು ಬೆವರು ಒರೆಸಿಕೊಂಡ. ಇಷ್ಟು ಅಂದಿದ್ದಕ್ಕೆ ಸಾಹೇಬರು ಸಿಟ್ಟಾಗಿ ತಂತಿಯನ್ನು ಇನ್ನೂ ಬಿಗಿ ಮಾಡುತ್ತಾರೆ ಎಂಬ ಭರವಸೆ ಅವನದು. ಅಧಿಕಾರಿಗಳನ್ನು ನಂಬಿದವರ ಹಣೆಬರಹವೇ ಇಷ್ಟು. ಅವನ ಮಾತು ಸಾಹೇಬರ ಮನಸ್ಸಿಗೆ ತಟ್ಟಿಬಿಟ್ಟಿತು. "ಹಿರಿಯರು ಹೇಳೋದ್ರಲ್ಲೂ ಅರ್ಥ ಇದೆ. ನಿಷೇಧ ತೆಗೀತೀನಿ. ನಿಯಮ ಮಾಡೋಣ," ಎಂದರು.

ನಿಯಮ ಮಾಡಲು ಸಮಿತಿಯಾಯಿತು. ಸಮಿತಿಯಲ್ಲಿ ಈಸು ಬರುವವರು ಯಾರೂ ಇರಲಿಲ್ಲ, ಹಾಗಾಗಿ ಕೆಲಸ ಬೇಗ ಮುಗಿಯಿತು. ಊಟವಾದ ಮೇಲೆ ಬೀಳುವಂತಿಲ್ಲ. ಊಟವಿಲ್ಲದೆಯೂ ಬೀಳುವಂತಿಲ್ಲ, ತಲೆಸುತ್ತು ಬಂದೀತು. ಬೀಳುವಾಗ ನಗುವಂತಿಲ್ಲ, ನೀರು ಮೂಗಿಗೇರುತ್ತದೆ. ಬುರುಜಿನ ಬಗ್ಗೆ ಮಾತ್ರ ಬಹಳ ವಿಚಾರ ಮಾಡಿ ಬರೆದರು: 'ಬುರುಜಿನ ಮೇಲಿಂದ ಬೀಳುವವರಿಗೆ ಹಿಂದೆ ಒಮ್ಮೆಯಾದರೂ ಅಲ್ಲಿಂದ ಬಿದ್ದ ಅನುಭವ ಇರತಕ್ಕದ್ದು.' ನೀರಿನ ಆಳ ಅಳೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಅನುಭವ ಇದ್ದವನು ಊರಿಗೆ ಒಬ್ಬನೇ. ಬಾವಿಯನ್ನು ಮತ್ತೆ ತೆರೆಯುವ ದಿನ ಪಂಪಣ್ಣನವರು ಬುರುಜಿನ ಮೇಲಿಂದ ಬಿದ್ದು ಉದ್ಘಾಟಿಸುತ್ತಾರೆ ಎಂದು ಡಂಗುರ ಸಾರಿದರು.

ಡಂಗುರ ಕೇಳಿದ ಪಂಪಣ್ಣ ಮನೆಗೆ ಬಂದು ಮಂಚದ ಮೇಲೆ ಮಲಗಿ, "ಗುರುದೇವಿ, ಮೊಣಕಾಲು ಹಿಡದಾವು," ಎಂದ.

"ಮೊಣಕಾಲೋ, ಎದಿಯೋ?" ಎಂದಳು ಅವಳು ಅಕ್ಕಿ ಆರಿಸುತ್ತ. ಅವಳ ಮಾತು ಯಾವಾಗಲೂ ಹಾಗೆಯೇ, ಬೇಕಾದಲ್ಲೇ ಚುಚ್ಚುತ್ತಿತ್ತು.

ಮೊಣಕಾಲಿನ ಸುದ್ದಿ ಊರಿಗೆ ಹಬ್ಬಿತು. ಊರು ಮರುಗಿತು. ಆಗ ಪಂಪಣ್ಣನ ಮಗ ಸುನೀಲಕುಮಾರ ಮುಂದೆ ಬಂದ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ, ಮದುವೆಯಾಗಿ ಕೂಸೊಂದರ ತಂದೆಯಾದ ಗಟ್ಟಿಮುಟ್ಟಾದ ಆಳು. "ಅಪ್ಪಾ, ನಿನ್ನ ಬದಲಿ ನಾ ಬೀಳ್ತೀನಿ. ಹುಟ್ಟಿದಾಗಿಂದ 'ಬಿದ್ದ ಪಂಪಣ್ಣನ ಮಗ' ಅನ್ನಸ್ಕೊಂಡು ಸಾಕಾಗೇತಿ. ಒಮ್ಮೆ ನಾನೂ ಬಿದ್ದುಬಿಡ್ತೀನಿ," ಎಂದ. ಸಮಿತಿ ಕೂಡಲೇ ಸೇರಿ 'ಅನುಭವ ಇರತಕ್ಕದ್ದು' ಎಂಬುದರ ಮುಂದೆ 'ಅಥವಾ ಅನುಭವಿಗಳ ಮಕ್ಕಳಾಗಿರತಕ್ಕದ್ದು' ಎಂದು ಸೇರಿಸಿತು.

ಈಗ ಪಂಪಣ್ಣನಿಗೆ ನಿಜವಾದ ಭಯ ಶುರುವಾಯಿತು. ಇಷ್ಟು ದಿನದ್ದು ಹೆಸರು ಹೋದೀತೆಂಬ ಭಯ. ಇದು ಬೇರೆ. ಅವನು ಬಿದ್ದಾಗ ಮಳೆಗಾಲ ಮುಗಿದು ಬಾವಿ ತುಂಬಿತ್ತು. ಆಗಲೇ ಕಲ್ಲು ತೊಡೆ ಸೀಳಿತ್ತು. ಈಗ ಕಡುಬೇಸಿಗೆ, ನೀರು ಎಷ್ಟೋ ಇಳಿದಿತ್ತು. ಮಗ ಅದೇ ಜಾಗದಿಂದ ಬಿದ್ದರೆ ಆ ಕಲ್ಲು ಅವನ ತಲೆಗೇ ಕಾದಿದೆ.

"ಸುನೀಲಾ, ಅಲ್ಲಿ ನೀರಾಗ ಕಲ್ಲೈತಿ," ಎಂದು ಊಟಕ್ಕೆ ಕೂತಾಗ ಹೇಳಿ ನೋಡಿದ.

"ಕಲ್ಲಿದ್ರ ನಿನಗ ಬಡೀತಿತ್ತಲ್ಲಪ್ಪಾ. ನಿನಗೇನೂ ಆಗ್ಲಿಲ್ಲ," ಎಂದ ಮಗ. ಪಂಪಣ್ಣ ರೊಟ್ಟಿ ಮುರಿದ. ಬಡಿಯಿತು ಎಂದರೆ ತೊಡೆ ತೋರಿಸಬೇಕು. ತೊಡೆ ತೋರಿಸಿದರೆ ಎತ್ತು ಸುಳ್ಳಾಗುತ್ತದೆ. ಎತ್ತು ಸುಳ್ಳಾದರೆ ಬಿದ್ದದ್ದೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ತಿಂಥಣಿಗೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದು ಮೌನೇಶ್ವರನ ಮುಂದೆ ಅಡ್ಡಬಿದ್ದ. ಹೇಗಾದರೂ ಮಾಡಿ ಸಾಹೇಬರಿಗೆ ಬುದ್ಧಿ ಕೊಟ್ಟು ಮತ್ತೆ ತಂತಿ ಹಾಕಿಸು ಎಂದು ಬೇಡಿಕೊಂಡ. ಬೆಂಚಿನ ಮೇಲೆ ನಿಂತು ಕಾಯ್ದೆಯನ್ನು ಬೈದವನು ದೇವರ ಮುಂದೆ ಮೊಣಕಾಲೂರಿ ಕಾಯ್ದೆಯನ್ನೇ ಕೇಳುತ್ತಿದ್ದ. ದೇವರು ಸಭೆಯ ಭಾಷಣವನ್ನೂ ಕೇಳಿಸಿಕೊಂಡಿರಬೇಕು, ಏನೂ ಮಾಡಲಿಲ್ಲ.

ಉದ್ಘಾಟನೆಯ ದಿನ ಬಾವಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಶಾಮಿಯಾನ ಹಾಕಿದ್ದರು, ಮೈಕು ಕಟ್ಟಿದ್ದರು, ಆಂಬುಲೆನ್ಸ್ ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಸುನೀಲಕುಮಾರ ಕೈಯಲ್ಲೊಂದು ಹಣ್ಣು ಹಿಡಿದು ಬುರುಜು ಹತ್ತಿದ. ಸೀತಾಫಲದ ಕಾಲವಲ್ಲ, ಅದಕ್ಕೆ ಪೇರಲ ಹಿಡಿದಿದ್ದ. ಮಸ್ತಾನಸಾಬ ಮೈಕಿನಲ್ಲಿ ಹಳೆಯ ಕಥೆಯನ್ನು ಇನ್ನೊಂದಿಷ್ಟು ಉದ್ದ ಮಾಡಿ ಹೇಳುತ್ತಿದ್ದ. ಪಂಪಣ್ಣನನ್ನು ಸಾಹೇಬರ ಪಕ್ಕದ ಕುರ್ಚಿಯಲ್ಲಿ ಶಾಲು ಹೊದಿಸಿ ಕೂರಿಸಿದ್ದರು. ಅಲ್ಲಿಂದ ಅವನಿಗೆ ಬುರುಜಿನ ನೆರಳು ಬಿದ್ದ ಆ ಹಸಿರು ನೀರಿನ ಜಾಗ ನೇರ ಕಾಣುತ್ತಿತ್ತು. ಮಗ ಅಂಚಿಗೆ ಬಂದು ಎರಡೂ ಕಾಲು ಜೋಡಿಸಿದ. ಅದೇ ಅಂಚು.

ಪಂಪಣ್ಣ ಎದ್ದು ಮೆಟ್ಟಿಲಿಳಿದು ನೀರಿನ ಅಂಚಿಗೆ ಓಡಿದ. ಶಾಲು ಎಲ್ಲೋ ಉದುರಿತು. "ಸುನೀಲಾ, ನಿಲ್ಲು. ಬ್ಯಾಡ. ನಾ ಅವತ್ತ ಬಿದ್ದದ್ದೋ," ಎಂದು ಕೂಗಿದ.

"ಹೌದ್ರಿ, ನೀವು ಬಿದ್ದೀರಿ," ಎಂದಿತು ಜನ. ಚಪ್ಪಾಳೆ ಬಿತ್ತು.

"ಹಂಗಲ್ರೋ. ನಾ ಖರೇನ ಬಿದ್ದದ್ದು."

"ಖರೇನ ಬಿದ್ದೀರಿ. ಸುಳ್ಳಂತ ಯಾರು ಅಂದ್ರು?" ಎಂದು ಇನ್ನೊಬ್ಬ ಸಮಾಧಾನ ಮಾಡಿದ. ಮಸ್ತಾನಸಾಬ ಮೈಕಿನಲ್ಲೇ, "ನಾ ಸಾಕ್ಷಿ ಅದೀನಿ," ಎಂದ. ಬುರುಜಿನ ಮೇಲೆ ಮಗ ನಗುತ್ತ ಪೇರಲ ಹಣ್ಣನ್ನು ಎತ್ತಿ ತೋರಿಸಿದ.

ಇಷ್ಟು ವರ್ಷ ಅವನನ್ನು ಕಾಪಾಡಿದ ಮಾತು ಈಗ ಅವನ ಬಾಯಿಯನ್ನೇ ಕಟ್ಟಿಹಾಕಿತ್ತು. ನಿಜ ಹೇಳಬೇಕೆಂದರೆ ಅವನ ಬಳಿ ಬೇರೆ ಮಾತೇ ಇರಲಿಲ್ಲ, ಈ ಊರಿನಲ್ಲಿ ಎರಡಕ್ಕೂ ಅದೊಂದೇ.

ಆಗ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಇಡೀ ಊರು ಯಾರನ್ನು ನೋಡಿ ನಕ್ಕಿತ್ತೋ, ಆ ಮನುಷ್ಯ. "ಒಂದ್ನಿಮಿಷ ಇರಿ. ಪಂಪಣ್ಣೋರೇ, ನೀವು ಹೇಳ್ತಿರೋದು, ಕಾಲು ಜಾರಿ ಬಿದ್ರಿ ಅಂತಾನಾ?"

"ಹೌದ್ರಿ," ಎಂದ ಪಂಪಣ್ಣ. ಅವನಿಗೆ ಅಳು ಬಂತು. "ಹೌದ್ರಿ ಸಾಹೇಬ್ರ. ಜಾರಿದೆ. ಸೀತಾಫಲ ಹರಿಯಾಕ ಹೋಗಿದ್ದೆ." ಎಲ್ಲರ ಮುಂದೆ ಧೋತರ ಎತ್ತಿ ತೊಡೆ ತೋರಿಸಿದ. ಮೊಣಕಾಲಿನ ಮೇಲಿಂದ ಸೊಂಟದವರೆಗೆ ಗಾಯದ ಕಲೆ ಹಗ್ಗದಷ್ಟು ದಪ್ಪ ಇತ್ತು. "ಇದು ಎತ್ತು ಹಾದದ್ದಲ್ಲ. ಅಲ್ಲಿ ಕಲ್ಲೈತಿ. ಸುನೀಲಾ, ಇಳಿಯೋ ಮಗಾ. ನಿನ್ನ ಕಾಲಿಗೆ ಬೀಳ್ತೀನಿ."

ಯಾರೋ ಕಿಸಕ್ಕೆಂದು ನಕ್ಕರು, ಆ ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿ ಶಾಮಿಯಾನವೇ ಅಲುಗಾಡಿತು. ಮಸ್ತಾನಸಾಬ ಮೈಕು ಹಿಡಿದೇ, "ಹಂಗಾರ ಇಷ್ಟು ವರ್ಷ ನಾ ಹೇಳಿದ್ದು?" ಎಂದು ಬಿಕ್ಕಳಿಸಿದ. "ನೀ ಹೇಳಿದ್ದು ಖರೇನ ಐತಿ ಮಸ್ತಾನ," ಎಂದ ಪಂಪಣ್ಣ ಕಣ್ಣೊರೆಸಿಕೊಳ್ಳುತ್ತ. "ಬಿದ್ದಾನ ಅಂದಿ. ಬಿದ್ದಿದ್ದೆ."

ಸಾಹೇಬರು ಒಂದು ಹಗ್ಗ ತರಿಸಿದರು, ಪಂಪಣ್ಣನ ಅಂಗಡಿಯದೇ. ತುದಿಗೆ ಕಬ್ಬಿಣದ ಗುಂಡು ಕಟ್ಟಿ ಬುರುಜಿನ ಅಂಚಿನಿಂದ ನೀರಿಗೆ ಇಳಿಬಿಟ್ಟರು. ಗುಂಡು ಮುಳುಗಿತೋ ಇಲ್ಲವೋ, ಠಣ್ ಎಂದು ಸದ್ದಾಯಿತು. ನೀರಿನ ಕೆಳಗೆ ಒಂದು ಮೊಳವೂ ಇರಲಿಲ್ಲ ಆ ಕಲ್ಲು. ನಗುತ್ತಿದ್ದವರ ನಗು ಬಾಯಲ್ಲೇ ನಿಂತಿತು. ಸುನೀಲಕುಮಾರ ಬುರುಜಿನ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಹಗ್ಗವನ್ನೇ ನೋಡಿದ. ಆಮೇಲೆ ನಿಧಾನಕ್ಕೆ, ಗೋಡೆ ಹಿಡಿದುಕೊಂಡು ಇಳಿದು ಬಂದ.

ಹೊಸ ಫಲಕದಲ್ಲಿ ಸಮಿತಿಯ ನಿಯಮಗಳು ಯಾವುವೂ ಇಲ್ಲ. 'ಬುರುಜು ಹತ್ತಬೇಡಿ, ಕೆಳಗೆ ಕಲ್ಲಿದೆ. ಮೆಟ್ಟಿಲಿಳಿದು ಈಸ ಬೀಳಿರಿ' ಎಂದಷ್ಟೇ ಇದೆ. ಕಲ್ಲಿನ ಮೇಲೆ ನೀರಿನಲ್ಲಿ ಕೆಂಪು ಡಬ್ಬಿಯೊಂದು ತೇಲುತ್ತಿದೆ. ಮಂದಿ ಅಲ್ಲಿಂದ ದೂರ ಬೀಳುತ್ತಾರೆ, ಬೇಕಾದಷ್ಟು ನಗುತ್ತಾರೆ. ಅಂಗಡಿಗೆ ಬಂದವರಿಗೆ ಈಗ ಹಗ್ಗ ಬೇಗ ಸಿಗುತ್ತದೆ. ಹಾವು ಬಂದ ಮನೆಯವರು ಹಾವು ಹಿಡಿಯುವವನನ್ನು ಕರೆಯುತ್ತಾರೆ.

ಉದ್ಘಾಟನೆಯ ದಿನ ಸಂಜೆ ಪಂಪಣ್ಣ ಮನೆಯ ಕಟ್ಟೆಯ ಮೇಲೆ ಮುಖ ತಗ್ಗಿಸಿ ಕೂತಿದ್ದ. ಒಳಗೆ ಸುನೀಲಕುಮಾರ ಕೂಸನ್ನು ಆಡಿಸುವ ಸದ್ದು ಕೇಳುತ್ತಿತ್ತು. ಗುರುದೇವಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತು, ಕೇಳದೆಯೇ ಅವನ ಧೋತರ ಸರಿಸಿ ತೊಡೆಗೆ ಹಚ್ಚತೊಡಗಿದಳು.

"ನಮ್ಮ ತವರಮನ್ಯಾಗ ಎತ್ತು ಹಾದವರನ್ನ ಭಾಳ ನೋಡೀನ್ರಿ ನಾ," ಎಂದಳು. "ಕೋಡಿನ ಗಾಯ ಹಿಂಗಿರಾಂಗಿಲ್ಲ."

"ಮೊದಲಿಂದ ಗೊತ್ತಿತ್ತೇನು ನಿನಗ?"

"ಲಗ್ನಾದ ವಾರಕ್ಕ ಗೊತ್ತಾತು."

"ಮತ್ತ ಒಮ್ಮೆನೂ ಕೇಳ್ಲಿಲ್ಲ?"

"ನೀವ ಹೇಳ್ತೀರಿ ಅಂತ ಸುಮ್ಮನಿದ್ದೆ."

"ಹೆಸರೆಲ್ಲಾ ಹೋತು ಗುರುದೇವಿ," ಎಂದ ಪಂಪಣ್ಣ.

ಅವಳು ಕೈ ನಿಲ್ಲಿಸಲಿಲ್ಲ. "ಬಿದ್ದು ಭಾಳ ವರ್ಷ ಆಗಿತ್ತು," ಎಂದಳು. "ಇವತ್ತ ಎದ್ರಿ, ಬಿಡ್ರಿ."